72 ಸಾವಿರ ಜನರನ್ನು ಹಾಡಿಸಿದ ಗಂಟಲು: ಫ್ರೆಡ್ಡಿ ಮರ್ಕ್ಯುರಿ ಯಾರು, ಅವನ ಹಾಡಿನ ಗುಟ್ಟೇನು?

ಧಂ, ಧಂ, ಚಪ್. ಧಂ, ಧಂ, ಚಪ್.

ಈ ಸದ್ದನ್ನು ನೀವು ಕೇಳಿಯೇ ಇರುತ್ತೀರಿ. ಕ್ರಿಕೆಟ್ ಮೈದಾನದಲ್ಲೋ, ಟಿವಿಯ ಜಾಹೀರಾತಿನಲ್ಲೋ, ಕಾಲೇಜಿನ ಕಾರ್ಯಕ್ರಮದಲ್ಲೋ. ಎರಡು ಸಲ ಕಾಲು ನೆಲಕ್ಕೆ, ಒಂದು ಸಲ ಚಪ್ಪಾಳೆ. ಹಾಡಿನ ಹೆಸರು 'ವಿ ವಿಲ್ ರಾಕ್ ಯು'. ತಂಡ ಇಂಗ್ಲೆಂಡಿನ 'ಕ್ವೀನ್'. ಹಾಡಿದವನು ಫ್ರೆಡ್ಡಿ ಮರ್ಕ್ಯುರಿ.

ಮೊನ್ನೆ ಅಕ್ಕನ ಮಗಳು ಮೊಬೈಲ್ ಹಿಡಿದುಕೊಂಡು ಬಂದಳು. ಅವಳ ಗೆಳೆಯರ ಗುಂಪಿನಲ್ಲಿ ಯಾರೋ ಒಂದು ಮೆಸೇಜ್ ಹಾಕಿದ್ದರು. ಜಗತ್ತಿನ ಅತಿ ದೊಡ್ಡ ರಾಕ್ ಹಾಡುಗಾರ ನಮ್ಮ ಭಾರತದವನು ಅಂತ. "ಮಾಮ, ಇದು ನಿಜವಾ? ಹೆಸರು ನೋಡಿದರೆ ಹಾಗೆ ಅನ್ನಿಸೋದೇ ಇಲ್ಲ. ಅಷ್ಟಕ್ಕೂ ಅವನು ಅಷ್ಟು ದೊಡ್ಡವನು ಹೇಗಾದ?" ಅಂತ ಕೇಳಿದಳು.

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಎರಡನೆಯದಕ್ಕೆ ಕೂತು ಮಾತಾಡಬೇಕು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಾಕ್ ಸಂಗೀತ ಕೇಳಿ ಅಭ್ಯಾಸ ಇಲ್ಲದಿದ್ದರೂ ತೊಂದರೆಯಿಲ್ಲ. (ಮೆಚ್ಚಿದ ಹಾಡುಗಾರನನ್ನು ಏಕವಚನದಲ್ಲಿ ಕರೆಯುವುದು ನಮ್ಮ ರೂಢಿ. ಫ್ರೆಡ್ಡಿಯನ್ನು ಇಲ್ಲಿ ಹಾಗೇ ಕರೆದಿದ್ದೇನೆ.)

ರಾಕ್ ಬ್ಯಾಂಡ್ ಅಂದರೇನು? ಮುಂದೆ ನಿಂತು ಹಾಡುವವನ ಕೆಲಸವೇನು?

ರಾಕ್ ಬ್ಯಾಂಡ್ ಅಂದರೆ ಸಾಮಾನ್ಯವಾಗಿ ನಾಲ್ಕೈದು ಜನರ ತಂಡ. ಒಬ್ಬರು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾರೆ. ಇನ್ನೊಬ್ಬರದು ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರಗಳ ಗಿಟಾರ್. ಮತ್ತೊಬ್ಬರದು ಡ್ರಮ್ಸ್. ಹಾಡುವವರು ಒಬ್ಬರು. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಆರ್ಕೆಸ್ಟ್ರಾದವರು ಬೇರೆಯವರ ಹಾಡು ಹಾಡುತ್ತಾರೆ. ಬ್ಯಾಂಡಿನವರು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ನುಡಿಸುತ್ತಾರೆ.

ಮುಂದೆ ನಿಂತು ಹಾಡುವವನನ್ನು 'ಲೀಡ್ ಸಿಂಗರ್' ಅನ್ನುತ್ತಾರೆ. ಅವನ ಕೆಲಸ ಬರೀ ಹಾಡುವುದಲ್ಲ. ಊರ ಗುಡಿಯ ಶನಿವಾರದ ಭಜನೆ ನೆನಪಿಸಿಕೊಳ್ಳಿ. ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದಿನಿಂದ ಹೇಳುತ್ತಾರೆ. ಮುಂದೆ ಹೇಳುವವರ ಕಂಠ ಚೆನ್ನಾಗಿದ್ದರೆ ಸಾಲದು. ಯಾವಾಗ ಕಾಲ ಏರಿಸಬೇಕು, ಯಾವಾಗ ನಿಲ್ಲಿಸಿ ಜನರಿಗೆ ಬಿಟ್ಟುಕೊಡಬೇಕು, ಯಾವಾಗ ಮತ್ತೆ ಎತ್ತಿಕೊಳ್ಳಬೇಕು ಅನ್ನೋದು ಗೊತ್ತಿರಬೇಕು. ಅದು ಗೊತ್ತಿರುವವರು ಇದ್ದ ದಿನ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತವರೂ ಬಾಯಿ ಬಿಡುತ್ತಾರೆ, ಅಲ್ವಾ?

ಫ್ರೆಡ್ಡಿಯ ದೊಡ್ಡತನ ಇರುವುದೇ ಈ ಕೆಲಸದಲ್ಲಿ. ಭಜನೆಯಲ್ಲಿ ಐವತ್ತು ಜನರ ಜೊತೆ ಆಗುವುದನ್ನು ಅವನು ಒಂದು ಲಕ್ಷ ಜನರ ಜೊತೆ ಮಾಡಿದ.

ಅವನು ಭಾರತದವನಾ?

ಹುಟ್ಟಿದ್ದು ಭಾರತದಲ್ಲಲ್ಲ. 1946ರ ಸೆಪ್ಟೆಂಬರ್ 5ರಂದು ಜಂಜಿಬಾರ್‌ನಲ್ಲಿ. ಅದು ಆಫ್ರಿಕಾದ ಪೂರ್ವ ಕರಾವಳಿಯ ಆಚೆ ಹಿಂದೂ ಮಹಾಸಾಗರದಲ್ಲಿರುವ, ಲವಂಗಕ್ಕೆ ಹೆಸರಾದ ದ್ವೀಪ. ಆಗ ಬ್ರಿಟಿಷರ ಆಶ್ರಯದಲ್ಲಿತ್ತು, ಈಗ ತಾಂಜಾನಿಯಾ ದೇಶದ ಭಾಗ. ಮಗುವಿಗೆ ಇಟ್ಟ ಹೆಸರು ಫಾರೂಕ್ ಬುಲ್ಸಾರಾ.

ತಂದೆ ಬೋಮಿ, ತಾಯಿ ಜೆರ್. ಇಬ್ಬರೂ ಗುಜರಾತ್ ಮೂಲದ ಪಾರ್ಸಿಗಳು. ಪಾರ್ಸಿಗಳೆಂದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇರಾನಿನಿಂದ ಗುಜರಾತಿನ ಕರಾವಳಿಗೆ ಬಂದು ನೆಲೆಸಿದವರು, ಜರತುಷ್ಟ್ರನ ಧರ್ಮ ಪಾಲಿಸುವವರು. ಬುಲ್ಸಾರಾ ಅನ್ನುವ ಮನೆತನದ ಹೆಸರು ಗುಜರಾತಿನ ಬುಲ್ಸಾರ್, ಅಂದರೆ ಇವತ್ತಿನ ವಲ್ಸಾಡ್ ಊರಿನಿಂದ ಬಂದದ್ದು. ನಮ್ಮಲ್ಲಿ ಊರಿನ ಹೆಸರು ಇನಿಷಿಯಲ್ ಆಗುತ್ತದಲ್ಲ, ಹಾಗೆ. ತಂದೆ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್. ಆ ಕೆಲಸಕ್ಕಾಗಿಯೇ ಜಂಜಿಬಾರ್ ಸೇರಿದ್ದರು.

ಭಾರತದ ನಂಟು ಗಟ್ಟಿಯಾಗಿದ್ದು ಶಾಲೆಯಿಂದ. ಎಂಟು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಮಹಾರಾಷ್ಟ್ರದ ಪಂಚಗನಿಗೆ ಕಳಿಸಿದರು. ಪಂಚಗನಿ ಅಂದರೆ ನಮ್ಮ ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಪಕ್ಕದ ಗಿರಿಧಾಮ. ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲಿನಲ್ಲಿ ಅವನು ಬೆಳೆದ. ರಜೆಯಲ್ಲಿ ಬೊಂಬಾಯಿಯ ನೆಂಟರ ಮನೆ. ಅಪ್ಪ ಅಮ್ಮ ಸಮುದ್ರದ ಆಚೆ.

ಪಿಯಾನೊ ಕಲಿತಿದ್ದು ಇಲ್ಲೇ. 'ಫ್ರೆಡ್ಡಿ' ಅನ್ನುವ ಹೆಸರು ಬಂದಿದ್ದೂ ಇಲ್ಲಿನ ಗೆಳೆಯರಿಂದಲೇ. ಹನ್ನೆರಡನೇ ವಯಸ್ಸಿಗೆ ಐವರು ಹುಡುಗರು ಸೇರಿ 'ದಿ ಹೆಕ್ಟಿಕ್ಸ್' ಅಂತ ಒಂದು ಬ್ಯಾಂಡ್ ಕಟ್ಟಿದರು. ರೇಡಿಯೊದಲ್ಲಿ ಕೇಳಿದ ಇಂಗ್ಲಿಷ್ ಹಾಡುಗಳನ್ನು ಶಾಲೆಯ ಕಾರ್ಯಕ್ರಮಗಳಲ್ಲಿ ನುಡಿಸುತ್ತಿದ್ದರು. ನನಗೆ ತುಂಬ ಇಷ್ಟವಾಗುವ ವಿಷಯ ಒಂದಿದೆ. ಆ ಬ್ಯಾಂಡಿನಲ್ಲಿ ಮುಂದೆ ನಿಂತು ಹಾಡುತ್ತಿದ್ದವನು ಬೇರೆ ಹುಡುಗ. ಫ್ರೆಡ್ಡಿ ಪಿಯಾನೊ ಹಿಂದೆ ಇದ್ದ.

1963ರಲ್ಲಿ ಅವನು ಜಂಜಿಬಾರ್‌ಗೆ ವಾಪಸಾದ. ಮರುವರ್ಷ ಜನವರಿಯಲ್ಲಿ ಅಲ್ಲಿ ಕ್ರಾಂತಿ ನಡೆಯಿತು. ಅರಬ್ಬರು, ಭಾರತೀಯರು ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಬುಲ್ಸಾರಾ ಕುಟುಂಬ ಕೈಗೆ ಸಿಕ್ಕ ಸಾಮಾನು ಹಿಡಿದು ಇಂಗ್ಲೆಂಡಿಗೆ ಹೊರಟಿತು. ಆಗ ಫ್ರೆಡ್ಡಿಗೆ ಹದಿನೇಳು.

ಹಾಗಾದರೆ ಮೆಸೇಜ್ ನಿಜವಾ? ಹುಟ್ಟಿದ್ದು ಆಫ್ರಿಕಾದ ದ್ವೀಪ, ರಕ್ತ ಗುಜರಾತಿನ ಪಾರ್ಸಿ, ಬಾಲ್ಯದ ಬಹುಪಾಲು ಪಂಚಗನಿ, ಪಾಸ್‌ಪೋರ್ಟ್ ಬ್ರಿಟನ್ನಿನದು. ನಮ್ಮವನು ಅಂದರೆ ಸುಳ್ಳಾಗುವುದಿಲ್ಲ. ನಮ್ಮವನು ಮಾತ್ರ ಅಂದರೆ ಸುಳ್ಳಾಗುತ್ತದೆ. ಪತ್ರಿಕೆಯವರ ಮುಂದೆ ಅವನು ಈ ಹಿನ್ನೆಲೆಯ ಬಗ್ಗೆ ಮಾತಾಡಿದ್ದು ಕಡಿಮೆ.

ಹಳೇ ಬಟ್ಟೆ ಮಾರುತ್ತಿದ್ದ ಹುಡುಗ

ಲಂಡನ್ನಿನ ಹೊರವಲಯದ ಫೆಲ್ಟಮ್‌ನಲ್ಲಿ ಚಿಕ್ಕ ಮನೆ. ವಿಮಾನ ನಿಲ್ದಾಣ ಹತ್ತಿರ. ಫ್ರೆಡ್ಡಿ ಅಲ್ಲಿ ಸಾಮಾನು ಎತ್ತುವ ಕೆಲಸವನ್ನೂ ಮಾಡಿದ್ದಾನೆ. ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಕಲೆ ಓದಿ 1969ರಲ್ಲಿ ಡಿಪ್ಲೊಮಾ ಪಡೆದ. ಆಮೇಲೆ ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ಗೆಳೆಯ ರೋಜರ್ ಟೇಲರ್ ಜೊತೆ ಸೇರಿ ಹಳೇ ಬಟ್ಟೆ ಮಾರುವ ಅಂಗಡಿ ಇಟ್ಟ.

ಈ ರೋಜರ್ ಡ್ರಮ್ಸ್ ನುಡಿಸುತ್ತಿದ್ದರು. ದಂತವೈದ್ಯಕೀಯ ಓದಲು ಲಂಡನ್ನಿಗೆ ಬಂದವರು. ಅವರ ಬ್ಯಾಂಡಿನ ಹೆಸರು 'ಸ್ಮೈಲ್'. ಅದರಲ್ಲಿ ಗಿಟಾರ್ ಹಿಡಿದಿದ್ದವರು ಬ್ರಯಾನ್ ಮೇ, ಖಗೋಳ ವಿಜ್ಞಾನದ ವಿದ್ಯಾರ್ಥಿ. ಅವರ ಗಿಟಾರ್ ಅಂಗಡಿಯದ್ದಲ್ಲ. ಹಳೇ ಅಗ್ಗಿಷ್ಟಿಕೆಯ ಮರ ಬಳಸಿ ತಂದೆ ಮಗ ಸೇರಿ ಮನೆಯಲ್ಲೇ ಮಾಡಿದ್ದು. 1970ರಲ್ಲಿ ಸ್ಮೈಲ್‌ನ ಹಾಡುಗಾರ ತಂಡ ಬಿಟ್ಟರು. ಆ ಜಾಗಕ್ಕೆ ಫ್ರೆಡ್ಡಿ ಬಂದ. ಬಂದವನೇ ತಂಡಕ್ಕೆ 'ಕ್ವೀನ್' ಅಂತ ಹೆಸರಿಟ್ಟ. ತನ್ನ ಹೆಸರನ್ನೂ 'ಮರ್ಕ್ಯುರಿ' ಅಂತ ಬದಲಿಸಿಕೊಂಡ. ಮರುವರ್ಷ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಜಾನ್ ಡೀಕನ್ ಬೇಸ್ ಗಿಟಾರ್ ಹಿಡಿದು ಸೇರಿಕೊಂಡರು. ಅಲ್ಲಿಂದ ಈ ನಾಲ್ವರು ಫ್ರೆಡ್ಡಿ ಸಾಯುವವರೆಗೆ ಬದಲಾಗಲಿಲ್ಲ. ರಾಕ್ ಲೋಕದಲ್ಲಿ ಇದು ಅಪರೂಪ.

ತಂಡದ ಲಾಂಛನ ಬರೆದವನೂ ಫ್ರೆಡ್ಡಿಯೇ. ನಾಲ್ವರ ರಾಶಿಗಳನ್ನೂ ಅದರಲ್ಲಿ ಸೇರಿಸಿದ. ಸಿಂಹ ರಾಶಿಯ ಇಬ್ಬರಿಗೆ ಎರಡು ಸಿಂಹ, ಕರ್ಕಾಟಕಕ್ಕೆ ಏಡಿ, ತನ್ನ ಕನ್ಯಾ ರಾಶಿಗೆ ಇಬ್ಬರು ಕಿನ್ನರಿಯರು. ಕಾಲೇಜಿನಲ್ಲಿ ಕಲಿತ ಚಿತ್ರಕಲೆ ದಂಡವಾಗಲಿಲ್ಲ.

ಮೊದಲ ಆಲ್ಬಮ್ 1973ರಲ್ಲಿ ಬಂತು. ಜನ ಗುರುತಿಸುವಂತಾಗಿದ್ದು 1974ರ 'ಕಿಲ್ಲರ್ ಕ್ವೀನ್' ಹಾಡಿನಿಂದ. ಅದನ್ನು ಬರೆದದ್ದು ಫ್ರೆಡ್ಡಿ.

ಆ ಗಂಟಲಿನೊಳಗೆ ಏನಿತ್ತು?

ನಮ್ಮ ಗಂಟಲಿನಲ್ಲಿ ಎರಡು ಚಿಕ್ಕ ಮಡಿಕೆಗಳಿವೆ. ಅವೇ ಧ್ವನಿತಂತುಗಳು. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ನುಗ್ಗಿದಾಗ ಅವು ನಡುಗುತ್ತವೆ, ದನಿ ಹುಟ್ಟುತ್ತದೆ. ಬಲೂನಿನ ಬಾಯಿಯನ್ನು ಎರಡೂ ಕಡೆ ಎಳೆದು ಹಿಡಿದು ಗಾಳಿ ಬಿಟ್ಟರೆ ಕೀಂಯ್ ಅನ್ನುತ್ತದಲ್ಲ, ಅದೇ ರೀತಿ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತವೆ ಅನ್ನುವುದರ ಮೇಲೆ ಶ್ರುತಿ ನಿಂತಿದೆ. ಜಾಸ್ತಿ ನಡುಗಿದರೆ ಮೇಲಿನ ಸ್ವರ, ಕಡಿಮೆಯಾದರೆ ತಗ್ಗಿನ ಸ್ವರ.

2016ರಲ್ಲಿ ಯುರೋಪಿನ ಕೆಲವು ಸಂಶೋಧಕರು ಫ್ರೆಡ್ಡಿಯ ದನಿಯನ್ನು ಅಳೆದು ನೋಡಿದರು. ಹಳೆಯ ಸಂದರ್ಶನಗಳು ಮತ್ತು ಹಾಡಿನ ಧ್ವನಿಮುದ್ರಣಗಳೇ ಅವರಿಗೆ ಆಧಾರ. ಮಾತಾಡುವಾಗ ಅವನ ದನಿ ಸೆಕೆಂಡಿಗೆ ಸುಮಾರು 117 ಕಂಪನ. ಅಂದರೆ ಅವನದು ಸಹಜವಾಗಿ ನಡುಮಟ್ಟದ ಗಂಡು ದನಿ. ಪಾಶ್ಚಾತ್ಯರು ಅದನ್ನು 'ಬ್ಯಾರಿಟೋನ್' ಅನ್ನುತ್ತಾರೆ. ಆದರೆ ಅವನು ಹಾಡುತ್ತಿದ್ದದ್ದು ಅದಕ್ಕಿಂತ ಮೇಲಿನ 'ಟೆನರ್' ದನಿಯಲ್ಲಿ. ಹುಟ್ಟಿನಿಂದ ಬಂದ ಮಟ್ಟ ಒಂದು, ಏರಿ ನಿಂತ ಮಟ್ಟ ಇನ್ನೊಂದು.

ಅವನಿಗೆ ನಾಲ್ಕು ಸ್ಥಾಯಿ ಹಾಡುವ ಶಕ್ತಿ ಇತ್ತು ಅಂತ ಬಹಳ ಕಡೆ ಓದುತ್ತೇವೆ. ಅಳತೆಯಲ್ಲಿ ಸಿಕ್ಕಿದ್ದು ಮೂರು ಸ್ಥಾಯಿಗಿಂತ ಸ್ವಲ್ಪ ಹೆಚ್ಚು. ಮಂದ್ರ, ಮಧ್ಯ, ತಾರ ಮೂರನ್ನೂ ಮುಟ್ಟಿದ ಹಾಗೆ. ಅದೂ ಕಡಿಮೆಯೇನಲ್ಲ.

ನಿಜವಾದ ವಿಶೇಷ ಎರಡು ಕಡೆ ಇದೆ. ಒಂದು, 'ವೈಬ್ರಾಟೊ'. ಒಂದು ಸ್ವರವನ್ನು ಉದ್ದ ಹಿಡಿದಾಗ ಅದು ಸಣ್ಣಗೆ ಅಲುಗುತ್ತದೆ. ಇದು ನಮ್ಮ ಗಮಕವಲ್ಲ. ಗಮಕದಲ್ಲಿ ಸ್ವರ ಬೇಕೆಂದೇ ಪಕ್ಕದ ಸ್ವರಗಳ ಕಡೆ ತೂಗಿ ಬರುತ್ತದೆ. ವೈಬ್ರಾಟೊದಲ್ಲಿ ಸ್ವರ ತನ್ನ ಜಾಗದಲ್ಲೇ ನಡುಗುತ್ತದೆ, ಗಾಳಿಗೆ ದೀಪದ ಕುಡಿ ಅಲುಗಿದ ಹಾಗೆ. ಸಾಮಾನ್ಯ ಹಾಡುಗಾರರಲ್ಲಿ ಇದು ಸೆಕೆಂಡಿಗೆ ಐದೂವರೆಯಿಂದ ಏಳರ ಒಳಗೆ ಇರುತ್ತದೆ. ಫ್ರೆಡ್ಡಿಯದು ಏಳನ್ನು ದಾಟುತ್ತಿತ್ತು, ಅದರಲ್ಲೂ ಒಂದೇ ಸಮ ಇರುತ್ತಿರಲಿಲ್ಲ. ಅವನ ಉದ್ದನೆಯ ಸ್ವರಗಳಲ್ಲಿ ಕೇಳುವ ಆ ತಳಮಳಕ್ಕೆ ಇದೊಂದು ಕಾರಣ.

ಇನ್ನೊಂದು, ಗುರುಗುಟ್ಟುವ ದನಿ. ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಿನಲ್ಲಾಗಲಿ ಸಾಮಾನ್ಯ ಹಾಡಿನಲ್ಲಾಗಲಿ ಅವು ಕೆಲಸ ಮಾಡುವುದಿಲ್ಲ. ರಷ್ಯಾದ ತುವಾ ಪ್ರದೇಶದ ಕಂಠಗಾಯಕರು ಅವುಗಳನ್ನೂ ನಡುಗಿಸಿ ಆಳದ ಸದ್ದು ಹೊರಡಿಸುತ್ತಾರೆ. ಸಂಶೋಧಕರು ಫ್ರೆಡ್ಡಿಯಂತೆ ಹಾಡಬಲ್ಲ ಇನ್ನೊಬ್ಬರ ಗಂಟಲಿಗೆ ಅತಿ ವೇಗದ ಕ್ಯಾಮೆರಾ ಇಳಿಸಿ ನೋಡಿದರು. ಗಡಸು ದನಿಯ ಜಾಗಗಳಲ್ಲಿ ಆ ಮೇಲಿನ ಮಡಿಕೆಗಳೂ ನಡುಗುತ್ತಿದ್ದವು. ಫ್ರೆಡ್ಡಿಯೂ ಹೀಗೇ ಮಾಡುತ್ತಿದ್ದಿರಬೇಕು ಅನ್ನುವುದು ಅವರ ಲೆಕ್ಕ.

ಈ ಶಾರೀರಕ್ಕೆ ಬೆಲೆ ತೆರಬೇಕಿತ್ತು. ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುವ ಹಾಗೆ, ಜಾಸ್ತಿ ದುಡಿದ ಧ್ವನಿತಂತುಗಳ ಮೇಲೆ ಗಂಟುಗಳು ಏಳುತ್ತವೆ. ಫ್ರೆಡ್ಡಿಗೂ ಎದ್ದಿದ್ದವು. ಶಸ್ತ್ರಚಿಕಿತ್ಸೆಗೆ ಅವನು ಒಪ್ಪಲಿಲ್ಲ. ಹಾಗಾಗಿ ವೇದಿಕೆಯ ಮೇಲೆ ಕೆಲವು ಕಡೆ ಮೇಲಿನ ಸ್ವರ ಬಿಟ್ಟು ಕೆಳಗಿನ ದಾರಿ ಹಿಡಿಯುತ್ತಿದ್ದ. ಹಲ್ಲಿನ ಕಥೆಯೂ ಹೀಗೇ. ಬಾಯಿಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು, ಮುಂದಿನ ಹಲ್ಲುಗಳು ಉಬ್ಬಿದ್ದವು. ನಗುವಾಗ ಕೈ ಅಡ್ಡ ಹಿಡಿಯುವಷ್ಟು ಮುಜುಗರ. ಆದರೂ ಕೀಳಿಸಲಿಲ್ಲ, ದನಿ ಬದಲಾದೀತು ಅನ್ನುವ ಭಯ.

ಪಲ್ಲವಿಯೇ ಇಲ್ಲದ ಹಾಡು

1975ರಲ್ಲಿ ಬಂದ 'ಬೊಹಿಮಿಯನ್ ರ‍್ಯಾಪ್ಸಡಿ' ಫ್ರೆಡ್ಡಿ ಬರೆದ ಹಾಡು. ಅದು ಯಾಕೆ ಅಷ್ಟು ದೊಡ್ಡ ಸುದ್ದಿಯಾಯಿತು ಅಂತ ತಿಳಿಯಬೇಕಾದರೆ ಮಾಮೂಲಿ ಹಾಡು ಹೇಗಿರುತ್ತದೆ ನೋಡಬೇಕು. ಪಲ್ಲವಿ, ಚರಣ, ಮತ್ತೆ ಪಲ್ಲವಿ. ಸಿನಿಮಾ ಹಾಡಿನಿಂದ ಭಾವಗೀತೆಯವರೆಗೆ ನಮ್ಮಲ್ಲೂ ಅದೇ ಕಟ್ಟು. ಪಲ್ಲವಿ ಮರಳಿ ಮರಳಿ ಬರುವುದರಿಂದಲೇ ಹಾಡು ಬಾಯಿಗೆ ಹತ್ತುತ್ತದೆ. ರೇಡಿಯೊದವರಿಗೆ ಮೂರು ನಿಮಿಷದ ಹಾಡು ಬೇಕು.

ಈ ಹಾಡಿನಲ್ಲಿ ಪಲ್ಲವಿಯೇ ಇಲ್ಲ. ಉದ್ದ 5 ನಿಮಿಷ 55 ಸೆಕೆಂಡು. ವಾದ್ಯವಿಲ್ಲದೆ ಬರೀ ಕಂಠಗಳಿಂದ ಶುರುವಾಗುತ್ತದೆ. ಆಮೇಲೆ ಪಿಯಾನೊ ಜೊತೆ ಒಬ್ಬ ಮಗ ತಾಯಿಗೆ ತಾನು ಮಾಡಿದ ಕೊಲೆಯ ಬಗ್ಗೆ ಹೇಳಿಕೊಳ್ಳುತ್ತಾನೆ. ಮುಂದೆ ಗಿಟಾರ್. ತಟ್ಟನೆ ಒಂದು ಒಪೆರಾ, ಅಂದರೆ ಪಾಶ್ಚಾತ್ಯರ ಸಂಗೀತ ನಾಟಕ. ಅದರಲ್ಲಿ ಗೆಲಿಲಿಯೊ ಬರುತ್ತಾನೆ, 'ಬಿಸ್ಮಿಲ್ಲಾ' ಅನ್ನುವ ಮಾತೂ ಬರುತ್ತದೆ. ನಂತರ ಅಬ್ಬರದ ರಾಕ್. ಕೊನೆಗೆ ಎಲ್ಲವೂ ತಣ್ಣಗೆ. ಒಂದೇ ರಾತ್ರಿಯ ಯಕ್ಷಗಾನದಲ್ಲಿ ಕರುಣ, ಹಾಸ್ಯ, ಯುದ್ಧ ಎಲ್ಲ ಬಂದು ಹೋಗುತ್ತದಲ್ಲ, ಅಂಥದ್ದನ್ನು ಆರು ನಿಮಿಷಕ್ಕೆ ಇಳಿಸಿದ ಹಾಗಿದೆ.

ಒಪೆರಾ ಭಾಗದಲ್ಲಿ ದೊಡ್ಡ ಮೇಳವೇ ಹಾಡುತ್ತಿರುವಂತೆ ಕೇಳುತ್ತದೆ. ಹಾಡಿದವರು ಮೂವರು: ಫ್ರೆಡ್ಡಿ, ಬ್ರಯಾನ್, ರೋಜರ್. ಇದು ಆಗಿದ್ದು 'ಓವರ್‌ಡಬ್' ಅನ್ನುವ ವಿಧಾನದಿಂದ. ಬಣ್ಣದ ಮದುವೆ ಕರೆಯೋಲೆ ಅಚ್ಚಾಗುವುದನ್ನು ನೋಡಿದ್ದರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಸಲ ಹಳದಿ, ಅದರ ಮೇಲೆ ಕೆಂಪು, ಅದರ ಮೇಲೆ ನೀಲಿ. ಎಲ್ಲ ಸೇರಿ ಚಿತ್ರ. ಹಾಗೆಯೇ ಮೊದಲು ಒಂದು ಸಾಲು ಹಾಡಿ ಟೇಪಿಗೆ ಇಳಿಸುತ್ತಾರೆ. ಅದನ್ನು ಕೇಳುತ್ತ ಅದರ ಮೇಲೆ ಇನ್ನೊಂದು ಸ್ವರದಲ್ಲಿ ಅದೇ ಸಾಲು. ಮತ್ತೆ ಮತ್ತೊಂದು. ಆಗಿನ ಟೇಪಿನಲ್ಲಿ ಇದ್ದದ್ದು 24 ಪಟ್ಟಿ. ಅವು ತುಂಬಿದಾಗ ಹಲವನ್ನು ಒಂದಕ್ಕೆ ಇಳಿಸಿ ಜಾಗ ಮಾಡಿಕೊಂಡು ಮತ್ತೆ ಹಾಡುತ್ತಿದ್ದರು. ಒಪೆರಾ ಭಾಗಕ್ಕೇ ಸುಮಾರು ಮೂರು ವಾರ ಹಿಡಿಯಿತು. ಯಂತ್ರದಲ್ಲಿ ಓಡಿ ಓಡಿ ಟೇಪು ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಗಿತ್ತು ಅಂತ ಬ್ರಯಾನ್ ಮೇ ನೆನಪಿಸಿಕೊಂಡಿದ್ದಾರೆ.

ಇಷ್ಟು ಉದ್ದದ ಹಾಡನ್ನು ರೇಡಿಯೊ ಹಾಕುವುದಿಲ್ಲ ಅಂತ ರೆಕಾರ್ಡ್ ಕಂಪನಿಯವರ ಹಿಂಜರಿಕೆ. ಲಂಡನ್ನಿನ ರೇಡಿಯೊ ನಿರೂಪಕ ಕೆನ್ನಿ ಎವರೆಟ್ ಎರಡೇ ದಿನದಲ್ಲಿ ಅದನ್ನು 14 ಸಲ ಹಾಕಿದರು. ಜನ ಅಂಗಡಿಗೆ ಹೋಗಿ ಕೇಳತೊಡಗಿದರು. ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಕೇಳುಗರೇ ವಾದ್ಯ

1977ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಒಂದು ಕಾರ್ಯಕ್ರಮ. ಮುಗಿಸಿ ತಂಡ ಒಳಗೆ ಹೋಯಿತು. ಜನ ಹೋಗಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಹಾಡುವ ಒಂದು ಹಾಡನ್ನು ತಾವೇ ಎತ್ತಿಕೊಂಡು ತಂಡಕ್ಕಾಗಿ ಹಾಡತೊಡಗಿದರು. ಅದು ನಾಲ್ವರ ಮನಸ್ಸಿಗೂ ತಟ್ಟಿತು. ಜನ ಇಷ್ಟು ಹಾಡುತ್ತಾರೆ ಅಂದಮೇಲೆ ಅವರಿಗೆಂದೇ ಹಾಡು ಬರೆಯಬಾರದೇಕೆ?

ಬ್ರಯಾನ್ 'ವಿ ವಿಲ್ ರಾಕ್ ಯು' ಬರೆದರು. ಫ್ರೆಡ್ಡಿ 'ವಿ ಆರ್ ದ ಚಾಂಪಿಯನ್ಸ್' ಬರೆದ. ಒಂದರಲ್ಲಿ ಜನರ ಕೈ ಕಾಲಿಗೆ ಕೆಲಸ, ಇನ್ನೊಂದರಲ್ಲಿ ಗಂಟಲಿಗೆ.

ಕಿಕ್ಕಿರಿದ ಮೈದಾನದಲ್ಲಿ ನಿಂತವನಿಗೆ ಕುಣಿಯಲು ಜಾಗ ಇರುವುದಿಲ್ಲ. ಕಾಲು ಬಡಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಆ ಮೂರರಿಂದಲೇ 'ವಿ ವಿಲ್ ರಾಕ್ ಯು' ಕಟ್ಟಿದರು. ಕೊನೆಯ ಗಿಟಾರ್ ಬಿಟ್ಟರೆ ಅದರಲ್ಲಿ ವಾದ್ಯವೇ ಇಲ್ಲ, ಡ್ರಮ್ಸ್ ಕೂಡ ಇಲ್ಲ. ಒಂದು ಹಳೇ ಚರ್ಚ್ ಕಟ್ಟಡದ ಸ್ಟುಡಿಯೊದಲ್ಲಿ ಹಲಗೆಗಳ ಮೇಲೆ ನಿಂತು ಕಾಲು ಬಡಿದು ಮುದ್ರಿಸಿಕೊಂಡರು. ನಾಲ್ಕಾರು ಜನರ ಸದ್ದು ಸಾವಿರಾರು ಜನರದ್ದಾಗಲು ಅದನ್ನೇ ಸ್ವಲ್ಪ ಸ್ವಲ್ಪ ತಡ ಮಾಡಿ ಮತ್ತೆ ಮತ್ತೆ ಕೇಳಿಸಬೇಕು. ತಡ ಒಂದೇ ಸಮ ಇದ್ದರೆ ಬಾವಿಯಲ್ಲಿ ಕೂಗಿದಂತೆ ಪ್ರತಿಧ್ವನಿ ಬರುತ್ತದೆ. ಭೌತವಿಜ್ಞಾನ ಓದಿದ ಬ್ರಯಾನ್ ಆ ಅಂತರಗಳಿಗೆ ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿಕೊಂಡರು. 3, 5, 7, 11 ಇವು ಒಂದರ ಮಗ್ಗಿಯಲ್ಲಿ ಇನ್ನೊಂದು ಬರುವುದಿಲ್ಲವಲ್ಲ. ಹಾಗಾಗಿ ಸದ್ದುಗಳು ಒಂದು ಲಯಕ್ಕೆ ಬೀಳದೆ, ಹತ್ತಿರ ದೂರ ನಿಂತ ಬೇರೆ ಬೇರೆ ಜನರ ಹಾಗೆ ಹರಡಿಕೊಂಡವು.

ಫ್ರೆಡ್ಡಿ ಈ ಕೆಲಸವನ್ನು ವೇದಿಕೆಯ ಮೇಲೆ ಇನ್ನೂ ಮುಂದಕ್ಕೆ ಒಯ್ದ. 1981ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಒಂದೇ ಸಂಜೆ ಸುಮಾರು 1.3 ಲಕ್ಷ ಜನ ಸೇರಿದ್ದರು. ಅವರ ಮಾತು ಪೋರ್ಚುಗೀಸ್. 'ಲವ್ ಆಫ್ ಮೈ ಲೈಫ್' ಹಾಡಿಗೆ ಬಂದಾಗ ಅವನು ಹಾಡುವುದನ್ನು ನಿಲ್ಲಿಸಿ ಜನರತ್ತ ಕೈ ತೋರಿಸಿದ. ಅವರು ಇಂಗ್ಲಿಷಿನಲ್ಲಿ ಪೂರ್ತಿ ಹಾಡಿದರು. 1986ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಅದೇ ಪ್ರೀತಿಯನ್ನು ತಿರುಗಿಸಿ ಕೊಟ್ಟ. ಅಲ್ಲಿನ ಒಂದು ಜನಪದ ಹಾಡನ್ನು ಹಂಗೇರಿ ಭಾಷೆಯಲ್ಲೇ ಹಾಡಿದ. ಮಾತು ಮರೆಯದಿರಲಿ ಅಂತ ಅಂಗೈ ಮೇಲೆ ಬರೆದುಕೊಂಡಿದ್ದ. ಮೈದಾನ ಅವನ ಜೊತೆ ಹಾಡಿತು. ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುವ ಜಾಗ ಅದು.

ಲೈವ್ ಏಡ್: 21 ನಿಮಿಷ

1984ರ ಹೊತ್ತಿಗೆ ತಂಡಕ್ಕೆ ಕೆಟ್ಟ ಹೆಸರೂ ಬಂದಿತ್ತು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾಕ್ಕೆ ಕಲಾವಿದರು ಹೋಗಬಾರದು ಅಂತ ವಿಶ್ವಸಂಸ್ಥೆ ಬಹಿಷ್ಕಾರ ಹಾಕಿದ್ದಾಗ, ಕ್ವೀನ್ ಅಲ್ಲಿನ ಸನ್ ಸಿಟಿಗೆ ಹೋಗಿ ಹಾಡಿತು. ಬ್ರಿಟನ್ನಿನ ಸಂಗೀತಗಾರರ ಸಂಘ ದಂಡ ಹಾಕಿತು. ಇದು ಅವರು ಮಾಡಿದ ತಪ್ಪು. ಅಭಿಮಾನಿಗಳು ಇದನ್ನು ಬಿಟ್ಟು ಕಥೆ ಹೇಳಬಾರದು.

ಮರುವರ್ಷ ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ಐರ್ಲೆಂಡಿನ ಹಾಡುಗಾರ ಬಾಬ್ ಗೆಲ್ಡಾಫ್ ಮುಂದೆ ನಿಂತು 'ಲೈವ್ ಏಡ್' ನಡೆಸಿದರು. 1985ರ ಜುಲೈ 13. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 72 ಸಾವಿರ ಜನ, ಅಮೆರಿಕದ ಫಿಲಡೆಲ್ಫಿಯಾದಲ್ಲೂ ಅದೇ ದಿನ. ನೂರಕ್ಕೂ ಹೆಚ್ಚು ದೇಶಗಳಿಗೆ ನೇರ ಪ್ರಸಾರ. ಒಂದೊಂದು ತಂಡಕ್ಕೆ ಸುಮಾರು ಇಪ್ಪತ್ತು ನಿಮಿಷ.

ಎಷ್ಟೋ ತಂಡಗಳು ತೋಚಿದಂತೆ ಬಂದು ಹಾಡಿದವು. ಕ್ವೀನ್ ಲಂಡನ್ನಿನ ಒಂದು ರಂಗಮಂದಿರದಲ್ಲಿ ಕೂತು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿತ್ತು. ಹೊಸ ಹಾಡು ಮಾರುವ ಆಸೆ ಬಿಟ್ಟು, ಜನರಿಗೆ ಗೊತ್ತಿರುವ ಹಾಡುಗಳ ತುಣುಕುಗಳನ್ನೇ ಸಾಲಾಗಿ ಪೋಣಿಸಿತು. ಅಲ್ಲಿ ಬಂದವರೆಲ್ಲ ಕ್ವೀನ್ ಅಭಿಮಾನಿಗಳಲ್ಲ. ಹಗಲು ಬೆಳಕು, ಬಣ್ಣದ ದೀಪಗಳ ಬೆಂಬಲವಿಲ್ಲ. ಬಿಳಿ ಬನಿಯನ್, ಜೀನ್ಸ್ ತೊಟ್ಟು ಫ್ರೆಡ್ಡಿ ಓಡುತ್ತ ಬಂದು ಪಿಯಾನೊ ಮುಂದೆ ಕೂತ. ಕೈಯಲ್ಲಿ ಅವನ ಗುರುತಾದ ಅರ್ಧ ಮೈಕ್ ಕೋಲು. ಹಿಂದೊಮ್ಮೆ ವೇದಿಕೆಯಲ್ಲಿ ಕೋಲು ಮುರಿದು ಮೇಲಿನ ತುಂಡು ಕೈಗೆ ಬಂದಿತ್ತಂತೆ. ಹಗುರಾಗಿದೆ, ಓಡಾಡಬಹುದು ಅಂತ ಅದನ್ನೇ ರೂಢಿ ಮಾಡಿಕೊಂಡ.

'ರೇಡಿಯೊ ಗಾ ಗಾ' ಹಾಡಿನಲ್ಲಿ ತಲೆಯ ಮೇಲೆ ಕೈಯೆತ್ತಿ ಎರಡು ಚಪ್ಪಾಳೆ. ಇಡೀ ಮೈದಾನ ಒಟ್ಟಿಗೆ ಕೈಯೆತ್ತಿತು. ಗಮನಿಸಿ ನೋಡಿದರೆ ಕೈಗಳು ಗದ್ದೆಯಲ್ಲಿ ಪೈರು ತೂಗಿದಂತೆ ಮುಂದಿನಿಂದ ಹಿಂದಕ್ಕೆ ಅಲೆಯಾಗಿ ಏಳುತ್ತವೆ. ಅದಕ್ಕೆ ಕಾರಣ ಸದ್ದಿನ ವೇಗ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ದೂರದವರಿಗೆ ಹಾಡು ಸುಮಾರು 0.3 ಸೆಕೆಂಡ್ ತಡವಾಗಿ ಮುಟ್ಟುತ್ತದೆ.

ಆಮೇಲೆ ಅವನು ವಾದ್ಯಗಳನ್ನೆಲ್ಲ ನಿಲ್ಲಿಸಿ 'ಏ-ಓ' ಅಂದ. ಜನ 'ಏ-ಓ' ಅಂದರು. ಸ್ವಲ್ಪ ಸುತ್ತು ಹಾಕಿ ಇನ್ನೊಂದು ಎಸೆದ. ಅದನ್ನೂ ಹಿಡಿದು ವಾಪಸ್ ಕೊಟ್ಟರು. ಒಂದು ಸ್ವರವನ್ನು ಉದ್ದ ಎಳೆದ. ಮೈದಾನವೂ ಎಳೆಯಿತು. ಅದರಲ್ಲಿ ಪದವಿಲ್ಲ, ಅರ್ಥವಿಲ್ಲ, ಹಾಗಾಗಿ ಗೊತ್ತಿಲ್ಲ ಅನ್ನುವವರೂ ಇಲ್ಲ. ಸುಲಭದ ಸ್ವರದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿದ್ದ. ಸಂಗೀತದ ಮೇಷ್ಟರು ಸರಳೆ ವರಸೆ ಹೇಳಿಕೊಡುವ ಕ್ರಮವೇ ಇದು. ಅವನ ಕಣ್ಣ ಮುಂದಿದ್ದ ತರಗತಿಯಲ್ಲಿ 72 ಸಾವಿರ ಜನರಿದ್ದರು, ಅಷ್ಟೇ.

ಕಾಯಿಲೆ, ಮತ್ತು ಸಿನಿಮಾ ಹೇಳದ ದಿನಾಂಕ

ಅವನ ಬದುಕಿನ ಬಗ್ಗೆ 2018ರಲ್ಲಿ ಬಂದ 'ಬೊಹಿಮಿಯನ್ ರ‍್ಯಾಪ್ಸಡಿ' ಸಿನಿಮಾ ನೋಡಿದ ತುಂಬ ಜನ ಲೈವ್ ಏಡ್ ಹೊತ್ತಿಗೇ ಫ್ರೆಡ್ಡಿಗೆ ತನ್ನ ಕಾಯಿಲೆ ಗೊತ್ತಿತ್ತು ಅಂದುಕೊಂಡಿದ್ದಾರೆ. ಅವನಿಗೆ ಎಚ್‌ಐವಿ ಇರುವುದು ಗೊತ್ತಾಗಿದ್ದು 1987ರಲ್ಲಿ, ಲೈವ್ ಏಡ್ ಆದ ಎರಡು ವರ್ಷಕ್ಕೆ. ಕಥೆಗಾಗಿ ಸಿನಿಮಾ ಅದನ್ನು ಹಿಂದಕ್ಕೆ ತಂದಿತು.

ಎಚ್‌ಐವಿ ಒಂದು ವೈರಸ್. ಅದು ದೇಹದ ಕಾವಲು ಕಾಯುವ ಬಿಳಿ ರಕ್ತಕಣಗಳನ್ನೇ ಹಿಡಿಯುತ್ತದೆ. ಕಾವಲುಗಾರರೇ ಇಲ್ಲವಾದಾಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಆ ಹಂತದ ಹೆಸರು ಏಡ್ಸ್. ಇದು ಹರಡುವುದು ಸುರಕ್ಷತೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ ಮತ್ತು ಸೂಜಿ, ತಾಯಿಯಿಂದ ಮಗುವಿಗೆ. ಕೈ ಕುಲುಕಿದರೆ, ಒಟ್ಟಿಗೆ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಆಗ ಇದ್ದದ್ದು ಎಝಡ್‌ಟಿ ಅನ್ನುವ ಒಂದೇ ಔಷಧಿ. ವೈರಸ್ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು. ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟು ವೈರಸ್ಸನ್ನು ಕಟ್ಟಿಹಾಕುವ ಚಿಕಿತ್ಸೆ ಬಂದಿದ್ದು 1996ರ ಸುಮಾರಿಗೆ. ಈಗ ಔಷಧಿ ತಪ್ಪಿಸದೆ ತೆಗೆದುಕೊಳ್ಳುವವರು ಎಲ್ಲರಂತೆ ಬಾಳುತ್ತಾರೆ. ನಮ್ಮಲ್ಲಿ ಸರ್ಕಾರದ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಉಚಿತವಾಗಿ ಕೊಡುತ್ತಿದ್ದಾರೆ. ಫ್ರೆಡ್ಡಿಗೆ ಆ ಐದು ವರ್ಷ ಸಿಗಲಿಲ್ಲ.

1970ರ ದಶಕದಲ್ಲಿ ಅವನ ಜೊತೆ ಇದ್ದವರು ಮೇರಿ ಆಸ್ಟಿನ್. ಆ ಸಂಬಂಧ ಮುಗಿದ ಮೇಲೂ ಅವರು ಕೊನೆತನಕ ಆಪ್ತರಾಗಿದ್ದರು, ಅವನ ಲಂಡನ್ ಮನೆ ಅವರಿಗೇ ಹೋಯಿತು. ಕೊನೆಯ ವರ್ಷಗಳ ಸಂಗಾತಿ ಜಿಮ್ ಹಟನ್. ಗಂಡು ಗಂಡನ್ನು ಪ್ರೀತಿಸುವುದನ್ನೇ ಪತ್ರಿಕೆಗಳು ಹಗರಣ ಮಾಡುತ್ತಿದ್ದ ಕಾಲ ಅದು. ಮನೆಯ ಗೇಟಿನ ಮುಂದೆ ಕ್ಯಾಮೆರಾ ಹಿಡಿದವರು ಕಾಯುತ್ತಿದ್ದರು.

ಅವನು ಹಾಡುತ್ತಲೇ ಇದ್ದ. 1988ರಲ್ಲಿ ಸ್ಪೇನಿನ ಒಪೆರಾ ಗಾಯಕಿ ಮೊಂಸೆರಾ ಕಬಾಯೆ ಜೊತೆ 'ಬಾರ್ಸಿಲೋನಾ' ಆಲ್ಬಮ್ ತಂದ. 1990ರಲ್ಲಿ 'ದಿ ಶೋ ಮಸ್ಟ್ ಗೋ ಆನ್' ಮುದ್ರಿಸುವ ಹೊತ್ತಿಗೆ ನಡೆಯುವುದೇ ಕಷ್ಟ. ಅಷ್ಟು ಮೇಲಿನ ಸ್ವರ ಅವನಿಂದ ಆಗುತ್ತದೋ ಇಲ್ಲವೋ ಅಂತ ಬ್ರಯಾನ್‌ಗೆ ಅಳುಕು. ಫ್ರೆಡ್ಡಿ ಒಂದು ಗುಟುಕು ವೋಡ್ಕಾ ಕುಡಿದು ಒಳಗೆ ಹೋಗಿ ಹಾಡಿ ಬಂದ. ಆ ಹಾಡು ಕೇಳಿ ನೋಡಿ. ಕಾಯಿಲೆಯ ಸುಳಿವೇ ಸಿಗುವುದಿಲ್ಲ.

1991ರ ನವೆಂಬರ್ 23ರಂದು ತನಗೆ ಏಡ್ಸ್ ಇದೆ ಅಂತ ಹೇಳಿಕೆ ಕೊಟ್ಟ. ಮರುದಿನ ಸಂಜೆ ತೀರಿಕೊಂಡ. ವಯಸ್ಸು 45. ಅಂತ್ಯಕ್ರಿಯೆ ನಡೆಸಿದವರು ಪಾರ್ಸಿ ಪುರೋಹಿತರು. ಫಾರೂಕ್ ಬುಲ್ಸಾರಾನಾಗಿ ಹುಟ್ಟಿದವನಿಗೆ ಮನೆಯ ಧರ್ಮದ ಮಂತ್ರಗಳಲ್ಲೇ ವಿದಾಯ.

ಆಮೇಲೆ

'ಬೊಹಿಮಿಯನ್ ರ‍್ಯಾಪ್ಸಡಿ' ಮತ್ತೆ ಬಿಡುಗಡೆಯಾಗಿ ಐದು ವಾರ ಮೊದಲ ಸ್ಥಾನದಲ್ಲಿತ್ತು. 1992ರ ಏಪ್ರಿಲ್ 20ರಂದು ಅದೇ ವೆಂಬ್ಲಿಯಲ್ಲಿ ಅವನ ನೆನಪಿನ ಕಾರ್ಯಕ್ರಮ ನಡೆಯಿತು. ಆ ಬೆನ್ನಿಗೇ ಏಡ್ಸ್ ವಿರುದ್ಧ ಕೆಲಸ ಮಾಡುವ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಹುಟ್ಟಿತು. ಕ್ವೀನ್ ತಂಡದ 'ಗ್ರೇಟೆಸ್ಟ್ ಹಿಟ್ಸ್' ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಮ್. ಅದರ 17 ಹಾಡುಗಳಲ್ಲಿ 10 ಫ್ರೆಡ್ಡಿ ಬರೆದವು.

2012ರ ಆಗಸ್ಟ್ 12, ಲಂಡನ್ ಒಲಿಂಪಿಕ್ಸ್‌ನ ಸಮಾರೋಪ. ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆ ಹಳದಿ ಜಾಕೆಟ್ಟಿನ ಫ್ರೆಡ್ಡಿ ಬಂದ. 1986ರಲ್ಲಿ ವೆಂಬ್ಲಿಯಲ್ಲಿ ಚಿತ್ರಿಸಿಕೊಂಡ ದೃಶ್ಯ. ಪರದೆಯ ಮೇಲಿಂದ ಅವನು 'ಏ-ಓ' ಅಂದ. ಅವನು ಸತ್ತು ಇಪ್ಪತ್ತು ವರ್ಷ ಕಳೆದಿತ್ತು. ಅಲ್ಲಿದ್ದ ಆಟಗಾರರಲ್ಲಿ ಎಷ್ಟೋ ಜನ ಅವನು ಬದುಕಿದ್ದಾಗ ಇನ್ನೂ ಹುಟ್ಟಿರಲಿಲ್ಲ. ಕ್ರೀಡಾಂಗಣ ಪೂರ್ತಿ 'ಏ-ಓ' ಅಂತ ಉತ್ತರ ಕೊಟ್ಟಿತು.